ಪಾಠಕ್ಕೆ ಹುದ್ದೆ, ಪಾಲನೆಗೆ ಹೆಚ್ಚುವರಿ ಪ್ರಭಾರ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಮಠವನ್ನು ಬಣ್ಣಿಸುವ 1162ರ ಶಾಸನವಿದೆ. ಕಳಚೂರಿ ಬಿಜ್ಜಳನ ಕಾಲದ್ದು. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಜಾಗ ಎಂದು ಹೊಗಳಿ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುವ ಜಾಗ ಎಂದೂ ಹೇಳುತ್ತದೆ. ಓದಿಸುವವರೇ ಹೊಟ್ಟೆ ನೋಡಿಕೊಳ್ಳುವ ವ್ಯವಸ್ಥೆ ಅದು.

ಈಗ ಅದೇ ಸುತ್ತಿನ ಸೊರಬ, ಆನವಟ್ಟಿ, ಶಿಕಾರಿಪುರ, ಶಿರಾಳಕೊಪ್ಪಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಪಾಠಕ್ಕೆ ಹುದ್ದೆ ಇರುತ್ತದೆ, ಪಾಲನೆಗೆ ಇರುವುದಿಲ್ಲ. ಅರ್ಥಶಾಸ್ತ್ರದ ಮೇಷ್ಟ್ರು ಎನ್‌ಎಸ್‌ಎಸ್ ಅಧಿಕಾರಿ, ಕನ್ನಡದವರು ರ‍್ಯಾಗಿಂಗ್ ತಡೆ ಸಮಿತಿಗೆ, ಇನ್ನೊಬ್ಬರು ಕ್ಷೇಮಪಾಲನೆಗೆ. ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಬಸ್ ಪಾಸ್ ಕೆಎಸ್‌ಆರ್‌ಟಿಸಿಯಲ್ಲಿ, ಹಾಸ್ಟೆಲ್ ವಾರ್ಡನ್ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯಲ್ಲಿ. ಜಡೆಯಿಂದಲೋ ಚಂದ್ರಗುತ್ತಿಯಿಂದಲೋ ಬರುವ ಹುಡುಗನಿಗೆ ಇವರೆಲ್ಲ ಬೇಕು. ಇವರು ಒಬ್ಬರನ್ನೊಬ್ಬರು ನೋಡುವುದೇ ಅಪರೂಪ.

ಅಮೆರಿಕದಲ್ಲಿ ಪಾಲನೆಯ ಈ ಕೆಲಸ ಒಂದು ವೃತ್ತಿಯಾಗಿ ನೂರು ವರ್ಷ ಮೀರಿದೆ. ವಿದ್ಯಾರ್ಥಿಗಳ ಯೋಗಕ್ಷೇಮ ನೋಡುವ ಡೀನ್‌ಗಳು 1919ರಲ್ಲಿ ಸಭೆ ಸೇರಿದರು. ಅದೇ ಮುಂದೆ ‘ನಾಸ್ಪಾ’ ಎಂಬ ಸಂಘವಾಯಿತು. 1924ರಲ್ಲಿ ಇಂಥದೇ ಇನ್ನೊಂದು ಸಂಘ ‘ಎಸಿಪಿಎ’ ಬಂತು. 2010ರಲ್ಲಿ ಎರಡೂ ಸೇರಿ, ಈ ಕೆಲಸದವರಿಗೆ ಏನೇನು ಗೊತ್ತಿರಬೇಕು ಎಂಬ ಪಟ್ಟಿ ಹೊರತಂದವು. ತಮ್ಮ ಕೆಲಸದಿಂದ ವಿದ್ಯಾರ್ಥಿಗೆ ನಿಜವಾಗಿ ಏನು ಆಯಿತು ಎಂದು ಅಳೆದು ನೋಡುವ ಕೌಶಲಕ್ಕೂ ಅದರಲ್ಲಿ ಜಾಗ ಸಿಕ್ಕಿತು. ನಮ್ಮಲ್ಲಿ ಅಧ್ಯಾಪಕರ ಸಂಘಗಳು ಗಟ್ಟಿಯಾಗಿವೆ, ಆದರೆ ಅವುಗಳ ಮಾತೆಲ್ಲ ಬಡ್ತಿ, ವರ್ಗಾವಣೆ, ವೇತನದ್ದು. ತಪ್ಪೇನಲ್ಲ, ಸಂಘ ಇರುವುದೇ ಅದಕ್ಕೆ. ಕ್ಷೇಮಪಾಲನೆಯ ಪ್ರಭಾರ ಹೊತ್ತವರು ಮಾತ್ರ ಒಂಟಿ.

ಅಳೆಯುವ ಕೆಲಸಕ್ಕೇನೂ ಕೊರತೆಯಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಸ್ಥಾಪನೆಯಾದ ನ್ಯಾಕ್‌ನ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಅದರ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿಯಾಗಿತ್ತು. 2017ರಲ್ಲಿ ಬದಲಾದ ಪದ್ಧತಿಯಲ್ಲಿ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯೂ ಸೇರಿತು. ಪ್ರಶ್ನೆಗಳು ಅವರ ಇಮೇಲ್‌ಗೆ ಹೋಗುತ್ತಿದ್ದವು. ಆಲೋಚನೆ ಒಳ್ಳೆಯದೇ. ಆದರೆ ಸೈಬರ್ ಸೆಂಟರ್‌ನವನು ಅರ್ಜಿ ತುಂಬುವಾಗ ಮಾಡಿಕೊಟ್ಟ ಇಮೇಲ್ ಅನ್ನು ಮತ್ತೆ ತೆರೆಯುವ ಹುಡುಗರು ಎಷ್ಟು ಮಂದಿ? ಕಡತಕ್ಕೆ ಬೇಕಾದ್ದು ಫೋಟೊ, ಸಹಿ, ಕಾರ್ಯಕ್ರಮದ ವರದಿ. ನ್ಯಾಕ್ ತಂಡ ಬಂದು ಹೋಗುವವರೆಗೆ ಕಾಲೇಜಿನ ಗುಣಮಟ್ಟ ಕೋಶದವರಿಗೆ (ಐಕ್ಯೂಎಸಿ) ನಿದ್ದೆಯಿರಲಿಲ್ಲ, ಆಮೇಲೆ ಕಡತಕ್ಕೆ ನಿದ್ದೆ.

ಬಡ್ತಿಯ ಲೆಕ್ಕದಲ್ಲೂ ಇದೇ ಕಥೆ. ಯುಜಿಸಿಯ 2018ರ ನಿಯಮಗಳು ವಾರ್ಡನ್‌ಗಿರಿ, ಎನ್‌ಎಸ್‌ಎಸ್ ಮುಂತಾದವನ್ನು ಅಧ್ಯಾಪಕರ ಮೌಲ್ಯಮಾಪನದಲ್ಲಿ ಪರಿಗಣಿಸುತ್ತವೆ. ಆ ಕೆಲಸ ಮಾಡಿದ್ದೀರಾ ಎಂದು ಕೇಳುತ್ತವೆ, ಹೇಗೆ ಮಾಡುವುದೆಂದು ಕಲಿಸುವವರು ಕಡಿಮೆ. ಅಳುತ್ತಾ ಬಂದ ವಿದ್ಯಾರ್ಥಿನಿಯ ಮುಂದೆ ವಾಣಿಜ್ಯದ ಮೇಷ್ಟ್ರಿಗೆ ತಮ್ಮ ಮನೆಯ ಅನುಭವವೇ ಬಂಡವಾಳ.

ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದು ನನಗನಿಸುವುದಿಲ್ಲ. ಸೊರಬ, ಶಿಕಾರಿಪುರ ತಾಲ್ಲೂಕುಗಳ ಕ್ಷೇಮಪಾಲನಾಧಿಕಾರಿಗಳು, ವಾರ್ಡನ್‌ಗಳು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕೂರಲಿ. ಊಟದ ಖರ್ಚು ಬಿಟ್ಟರೆ ಬೇರೇನೂ ಇಲ್ಲ. ಮೇಜಿನ ಮೇಲೆ ಮೂರು ಸಂಗತಿಗಳಿದ್ದರೆ ಸಾಕು. ಮೊದಲ ಸೆಮಿಸ್ಟರ್‌ಗೆ ಸೇರಿ ಮೂರನೆಯದಕ್ಕೆ ಬಾರದವರು ಯಾರು, ವಿದ್ಯಾರ್ಥಿವೇತನ ಖಾತೆಗೆ ಬಿದ್ದದ್ದು ಯಾವ ತಿಂಗಳು, ಅಡಿಕೆ ಕೊಯ್ಲು, ಶುಂಠಿ ಕೀಳುವ ದಿನಗಳಲ್ಲಿ ಹಾಜರಿ ಎಷ್ಟು ಇಳಿಯುತ್ತದೆ. ಹಾಜರಿ ಶೇ 75 ಇಲ್ಲವೆಂದು ಪರೀಕ್ಷೆಗೆ ತಡೆಯುವ ಮುಂಚೆ ಈ ಮೂರನೆಯದನ್ನು ನೋಡಬೇಕು. ಕೂಲಿಗೆ ಹೋದ ಹುಡುಗನೂ ಸಿನಿಮಾಕ್ಕೆ ಹೋದ ಹುಡುಗನೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ. ಯಾರು ಎಲ್ಲಿಗೆ ಹೋದರೆಂದು ವಾರ್ಡನ್‌ಗೆ ಗೊತ್ತಿರುತ್ತದೆ. ಕಾಲೇಜಿನವರು ಅವರನ್ನು ಕೇಳಿರುವುದಿಲ್ಲ.