ದಿನ ಬಿಟ್ಟು ದಿನ ಬರುವ ಚಳಿಜ್ವರ

ನಮ್ಮ ಕೋಸಗಿ ಕಡೆಯಿಂದ ಬಹಳ ಮಂದಿ ಗುಳೆ ಹೋಗ್ತಾರೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ, ಹತ್ತಿ ಬಿಡಿಸೋಕೆ ಹೋಗ್ತಾರೆ. ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನೂ ಹೋಗಿದ್ದರು. ಊರಿಗೆ ಬಂದ ಮೇಲೆ ಅವರಿಗೆ ಚಳಿಜ್ವರ ಬಂತು. ಎರಡು ಕೌದಿ ಹೊದ್ದರೂ ನಡುಕ ನಿಲ್ಲಲಿಲ್ಲ. ಆಮೇಲೆ ಮೈ ಕಾದ ಹಂಚಿನಂಗೆ ಆಯಿತು. ಕೊನೆಗೆ ಬೆವರು ಕಿತ್ತುಕೊಂಡು ಜ್ವರ ಇಳಿಯಿತು.

ಮರುದಿನ ಅಕ್ಕ ಆರಾಮಾಗಿದ್ದರು. "ಜ್ವರ ಹೋಯ್ತು ಬಿಡ್ರಿ" ಅಂದು ಕೂಲಿಗೆ ಹೋದರು. ಮೂರನೇ ದಿನ ಅದೇ ಹೊತ್ತಿಗೆ ಮತ್ತೆ ನಡುಕ!

ಜ್ವರಕ್ಕೆ ಗಡಿಯಾರ ನೋಡಲು ಬರ್ತದಾ? ಬನ್ನಿ, ತಿಳಿಯೋಣ.

ರಕ್ತದಲ್ಲಿ ಇರುವ ಜೀವಿ

ಈ ಜ್ವರದ ಹೆಸರು ಮಲೇರಿಯಾ. ಕಣ್ಣಿಗೆ ಕಾಣದ ಒಂದು ಪರೋಪಜೀವಿಯಿಂದ ಇದು ಬರ್ತದೆ. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಡಾಕ್ಟರು ಅದನ್ನು ರೋಗಿಯ ರಕ್ತದಲ್ಲಿ ಕಂಡರು. ಅದು ಸೊಳ್ಳೆಯ ಹೊಟ್ಟೆಯಲ್ಲೂ ಬೆಳೀತದೆ ಅಂತ ಕಂಡವರು ರೊನಾಲ್ಡ್ ರಾಸ್. ಅವರು ಕಂಡದ್ದು ಬೇರೆ ದೇಶದಲ್ಲಲ್ಲ, ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು. ಆ ಕೆಲಸಕ್ಕೆ 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿದಾಗ ಈ ಜೀವಿ ನಮ್ಮ ಮೈಗೆ ಸೇರ್ತದೆ. ಮೊದಲು ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ ಬೆಳೀತದೆ. ಆಮೇಲೆ ರಕ್ತಕ್ಕೆ ಇಳಿದು ಕೆಂಪು ರಕ್ತಕಣದ ಒಳಗೆ ನುಗ್ಗುತ್ತದೆ. ಕೆಂಪು ಕಣ ಎಷ್ಟು ಸಣ್ಣದು? ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಏಳೆಂಟು ಭಾಗದಷ್ಟು!

ಸಾಮಾನು ಸಾಗಿಸುವ ಜೀವಿ

ಕೆಂಪು ಕಣದ ಒಳಗೆ ಈ ಜೀವಿ ಸುಮ್ಮನೆ ಕೂರುವುದಿಲ್ಲ. ಕಣದಲ್ಲಿರುವ ಕೆಂಪು ಸತ್ವವನ್ನು ತಿನ್ನುತ್ತದೆ. ಅದಕ್ಕೇ ರೋಗಿಗೆ ರಕ್ತ ಕಡಿಮೆ ಆಗಿ ಸುಸ್ತಾಗ್ತದೆ. ಜತೆಗೆ ಅದು ಪ್ರೋಟೀನ್‌ಗಳನ್ನು ತಯಾರು ಮಾಡ್ತದೆ. ಬೇಳೆ, ಮೊಟ್ಟೆಯಲ್ಲಿ ಪ್ರೋಟೀನ್ ಇದೆ ಅಂತ ಕೇಳಿದ್ದೀರಿ. ಜೀವಿಯ ಮೈ ಒಳಗೆ ಕೆಲಸ ಮಾಡುವ ಬಹಳ ಸಾಮಾನುಗಳು ಪ್ರೋಟೀನೇ.

ಆ ಸಾಮಾನು ಸರಿಯಾದ ಜಾಗಕ್ಕೆ ಹೋಗಬೇಕಲ್ಲ? ನೀವು ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಿ ಆದೋನಿ ಬಸ್ಸು ಹತ್ತುತ್ತೀರಿ. ಹೊರಗೆ ಹೋಗಬೇಕಾದ ಹಲವು ಪ್ರೋಟೀನ್‌ಗಳ ಮೇಲೂ ಅಂಥ ಒಂದು ಸಣ್ಣ ಬೋರ್ಡು ಇರ್ತದೆ. ಐದು ಅಕ್ಷರದ ವಿಳಾಸ ಇದ್ದಂಗೆ. 2004ರಲ್ಲಿ ವಿಜ್ಞಾನಿಗಳು ಈ ಗುರುತನ್ನು ಪತ್ತೆ ಮಾಡಿದರು. 2009ರಲ್ಲಿ ಆ ಸಾಮಾನು ದಾಟಿ ಹೋಗುವ ಬಾಗಿಲನ್ನೂ ಕಂಡುಹಿಡಿದರು.

ಫಾಲ್ಸಿಪೇರಮ್ ಎಂಬ ಜಾತಿ ಕೆಲವು ಪ್ರೋಟೀನ್‌ಗಳನ್ನು ಕೆಂಪು ಕಣದ ಮೇಲ್ಮೈವರೆಗೂ ಕಳಿಸ್ತದೆ. ಆಗ ಆ ಕಣ ಜಾಲಿ ಮುಳ್ಳಿನಂಗೆ ರಕ್ತನಾಳಕ್ಕೆ ಅಂಟಿಕೊಳ್ಳುತ್ತದೆ. ಮಿದುಳಿನ ನಾಳಗಳಲ್ಲಿ ಹೀಗೆ ಆದರೆ ರೋಗಿಯ ಪ್ರಾಣಕ್ಕೇ ಅಪಾಯ.

ಎಲ್ಲದಕ್ಕೂ ಒಂದು ಹೊತ್ತು

ಈ ಸಾಗಾಟ ಹೊತ್ತಿಗೆ ಸರಿಯಾಗಿ ನಡೀತದೆ. ಬಿತ್ತುವ ಕಾಲಕ್ಕೆ ಬಿತ್ತಬೇಕು, ಕೊಯ್ಯುವ ಕಾಲಕ್ಕೆ ಕೊಯ್ಯಬೇಕು. ಇದೂ ಹಂಗೇ. ಒಂದು ಪ್ರೋಟೀನನ್ನು ಬೇರೆ ಹೊತ್ತಿನಲ್ಲಿ ತಯಾರಾಗುವಂತೆ ಮಾಡಿ ವಿಜ್ಞಾನಿಗಳು ನೋಡಿದರು. ಅದು ತನ್ನ ಜಾಗಕ್ಕೆ ಹೋಗಲೇ ಇಲ್ಲ! ಹೊತ್ತು ತಪ್ಪಿದರೆ ದಾರಿಯೂ ತಪ್ಪುತ್ತದೆ. ಇದು 1998ರಲ್ಲಿ ತಿಳಿದ ಸಂಗತಿ. ಈ ಜೀವಿಗೆ ತನ್ನದೇ ಒಳಗಡಿಯಾರ ಇದೆ ಅಂತ 2020ರಲ್ಲಿ ವಿಜ್ಞಾನಿಗಳು ತೋರಿಸಿದರು.

ವೈವಾಕ್ಸ್ ಎಂಬ ಜಾತಿಗೂ ಫಾಲ್ಸಿಪೇರಮ್ ಜಾತಿಗೂ ರಕ್ತದಲ್ಲಿ ಒಂದು ಸುತ್ತಿಗೆ ಸುಮಾರು 48 ಗಂಟೆ ಬೇಕು. ಮೊದಲು ಜೀವಿ ಉಂಗುರದಂತೆ ಕಾಣ್ತದೆ. ಆಮೇಲೆ ತಿಂದು ದಪ್ಪ ಆಗ್ತದೆ. ಕೊನೆಗೆ ಒಂದು ಇದ್ದದ್ದು ಹತ್ತಿಪ್ಪತ್ತು ಮರಿಗಳಾಗುತ್ತದೆ.

ಮರಿಗಳು ಹೊರಬರುವುದಕ್ಕೆ ಒಳಗಿನಿಂದ ಒಂದು ಸಂಕೇತ ಬರಬೇಕು. ರೈಲು ಬಿಡುವ ಮುಂಚೆ ಕೋಸಗಿ ಸ್ಟೇಷನ್ನಿನಲ್ಲಿ ಸಿಗ್ನಲ್ ಬೀಳ್ತದಲ್ಲ, ಹಂಗೆ. ಸಿಗ್ನಲ್ ಬಂದ ಕೂಡಲೆ ಜೀವಿಯ ಒಳಗೆ ಕ್ಯಾಲ್ಸಿಯಂ ಬಿಡುಗಡೆ ಆಗ್ತದೆ. ಆಗ ಸಣ್ಣ ಚೀಲಗಳಲ್ಲಿ ಕೂಡಿಟ್ಟಿದ್ದ ಪ್ರೋಟೀನ್‌ಗಳು ಹೊರಬೀಳ್ತವೆ. ಅವು ಸುತ್ತಲಿನ ಪೊರೆ ಒಡೆಯಲು ದಾರಿ ಮಾಡ್ತವೆ. ಕೆಂಪು ಕಣ ಒಡೆದು, ಮರಿಗಳು ಹೊಸ ಕಣಗಳಿಗೆ ನುಗ್ಗುತ್ತವೆ. ಆ ಸಿಗ್ನಲ್ ತಡೆದರೆ ಮರಿಗಳು ಒಳಗೇ ಸಿಕ್ಕಿಬೀಳ್ತವೆ. ಅದಕ್ಕೇ ಸಿಗ್ನಲ್ ತಡೆಯುವ ಹೊಸ ಔಷಧಿಗಾಗಿ ಸಂಶೋಧನೆ ನಡೆದಿದೆ.

ಲಕ್ಷಗಟ್ಟಲೆ ಕಣಗಳು ಒಂದೇ ಹೊತ್ತಿಗೆ ಒಡೆದಾಗ ನಮಗೆ ಚಳಿ, ನಡುಕ, ಜ್ವರ ಬರ್ತದೆ. 48 ಗಂಟೆ ಬಿಟ್ಟು ಮತ್ತೆ ಒಡೀತವೆ. ಅದಕ್ಕೇ ದಿನ ಬಿಟ್ಟು ದಿನ ಜ್ವರ. ಎಲ್ಲರಿಗೂ ಹೀಗೇ ಲೆಕ್ಕವಾಗಿ ಬರುವುದಿಲ್ಲ. ಕೆಲವರಿಗೆ, ಅದರಲ್ಲೂ ಫಾಲ್ಸಿಪೇರಮ್ ಇದ್ದವರಿಗೆ, ದಿನಾಲೂ ಬರಬಹುದು.

ನಾವು ಏನು ಮಾಡಬೇಕು?

ಜ್ವರ ಬಿಟ್ಟ ದಿನ ರೋಗ ಬಿಟ್ಟಿಲ್ಲ. ಆ ದಿನ ಒಳಗೆ ಮರಿಗಳು ತಯಾರಾಗ್ತಿವೆ. ಇದನ್ನು ಮರೆಯಬೇಡಿ.

ನಮ್ಮ ಅಕ್ಕ ರಕ್ತಪರೀಕ್ಷೆ ಮಾಡಿಸಿದಾಗ ವೈವಾಕ್ಸ್ ಅಂತ ಗೊತ್ತಾಯಿತು. 14 ದಿನ ನುಂಗಲು ಗುಳಿಗೆ ಕೊಟ್ಟರು. ನಾಲ್ಕು ದಿನಕ್ಕೆ ಆರಾಮಾಯಿತು. ಉಳಿದ ಗುಳಿಗೆ ಗೂಡಿನಲ್ಲೇ ಉಳಿದವು. ಎರಡು ತಿಂಗಳಿಗೆ ಜ್ವರ ಮತ್ತೆ ಬಂತು. ಯಾಕಂದರೆ ವೈವಾಕ್ಸ್ ಜೀವಿ ಲಿವರಿನಲ್ಲಿ ನಿದ್ದೆ ಮಾಡ್ತದೆ. ಅದನ್ನು ಕೊಲ್ಲೋದಕ್ಕೇ ಆ 14 ದಿನದ ಗುಳಿಗೆ. ಎರಡನೇ ಸಲ ಅಕ್ಕ ದಿನಾ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಲ್ಲಾ ಗುಳಿಗೆ ನುಂಗಿದರು. ಅಂಕಿ ಕಲಿತದ್ದು ಕೆಲಸಕ್ಕೆ ಬಂತು!

- ಚಳಿಜ್ವರ ಬಂದರೆ ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೆ ಆಶಾ ಕಾರ್ಯಕರ್ತೆಗೆ ತಿಳಿಸಿ. ರಕ್ತಪರೀಕ್ಷೆಗೆ ದುಡ್ಡಿಲ್ಲ.
- ಗುಳೆ ಹೋಗಿ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಿ.
- ಬಸುರಿ, ಬಾಣಂತಿ ಆಗಿದ್ದರೆ ಮೊದಲೇ ಹೇಳಿ. ಕೆಲವು ಗುಳಿಗೆ ಅವರಿಗೆ ಆಗುವುದಿಲ್ಲ.
- ಜ್ವರ ಬಿಟ್ಟರೂ ಕೊಟ್ಟ ಗುಳಿಗೆ ಪೂರ್ತಿ ನುಂಗಿ.
- ಮನೆ ಸುತ್ತ ನೀರು ನಿಲ್ಲಿಸಬೇಡಿ. ಸೊಳ್ಳೆಪರದೆ ಕಟ್ಟಿಕೊಂಡು ಮಲಗಿ.

ಓದಿ, ಉತ್ತರ ಹೇಳಿ

1. ಚಳಿಜ್ವರ ದಿನ ಬಿಟ್ಟು ದಿನ ಯಾಕೆ ಬರ್ತದೆ?
2. ಮರಿಗಳು ಹೊರಬರಲು ಯಾವುದು ಬೇಕು?
3. ಅಕ್ಕನಿಗೆ ಜ್ವರ ಮತ್ತೆ ಯಾಕೆ ಬಂತು?