ಮಗನಿಗೆ 28 ದಿನ, ಅಮ್ಮನಿಗೆ 84

2021ರ ಜೂನ್ ತಿಂಗಳಲ್ಲಿ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಲಸಿಕೆಗೆ ಎರಡು ಲೆಕ್ಕ ನಡೆಯುತ್ತಿತ್ತು. ಗಲ್ಫ್‌ನಿಂದ ರಜೆಗೆ ಬಂದು ಊರಲ್ಲೇ ಸಿಕ್ಕಿಬಿದ್ದ ಮಗನಿಗೆ ಕೋವಿಶೀಲ್ಡ್‌ನ ಎರಡನೇ ಡೋಸ್ 28 ದಿನ ಕಳೆದರೆ ಸಾಕು, ಸಿಗುತ್ತಿತ್ತು. ಪಾಸ್‌ಪೋರ್ಟು, ಕೆಲಸದ ಕಾಗದ ತೋರಿಸಬೇಕು, ಅಷ್ಟೆ. ಅದೇ ಲಸಿಕೆ ಹಾಕಿಸಿಕೊಂಡ ಅವನ ಅಮ್ಮ ಹೋದರೆ 84 ದಿನ ತುಂಬದೆ ಲಸಿಕೆ ನೋಂದಣಿಯ ಕೋವಿನ್ ಪೋರ್ಟಲ್ ಆಕೆಯ ಹೆಸರನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ವಿದೇಶಕ್ಕೆ ಓದಲು, ದುಡಿಯಲು, ಒಲಿಂಪಿಕ್ಸ್‌ಗೆ ಹೋಗುವವರಿಗೆಂದು ಕೇಂದ್ರ ಸರ್ಕಾರ ಜೂನ್ 7ರಂದು ಮಾಡಿದ ವಿನಾಯಿತಿ ಅದು. ಲಸಿಕೆ ವಿರೋಧಿಗಳ ವಾಟ್ಸ್ಆ್ಯಪ್ ಸಂದೇಶ ನೋಡಿರದವರ ಬಾಯಲ್ಲೂ ಆಗ ಒಂದು ಪ್ರಶ್ನೆ ಬಂತು: ಇದರಲ್ಲಿ ಸರಿ ಯಾವುದು ಮಾರಾಯ್ರೆ, 28ಆ, 84ಆ? ಬೇಗ ಹಾಕಿದರೆ ಕೆಲಸ ಮಾಡುವುದಿಲ್ಲವೆಂದರೆ ಮಗನಿಗೆ ಯಾಕೆ ಹಾಕಿದಿರಿ? ಕೆಲಸ ಮಾಡುತ್ತದೆಂದರೆ ಅಮ್ಮನನ್ನು ಯಾಕೆ ಕಾಯಿಸುತ್ತೀರಿ?

ಪ್ರಶ್ನೆ ನ್ಯಾಯವಾದದ್ದೇ. ಮುಂದೆ ಕೇರಳ ಹೈಕೋರ್ಟಿನಲ್ಲೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಎದ್ದಿತು. ಆದರೆ ಆಸ್ಪತ್ರೆಯ ಜಗಲಿಯಲ್ಲಿ ಇದನ್ನು ಕೇಳಿದವರಿಗೆ ಉತ್ತರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಕೇಳಿದ್ದೇ ಹಿಂಜರಿಕೆಯ ಲಕ್ಷಣವಾಗಿಬಿಟ್ಟಿತು.

ಉತ್ತರ ಇತ್ತು, ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಕೋವಿಶೀಲ್ಡ್ ಎಂದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ಕಂಪನಿ ರೂಪಿಸಿ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಲಸಿಕೆ. ಚಿಂಪಾಂಜಿಗಳಲ್ಲಿ ನೆಗಡಿ ತರುವ ಒಂದು ವೈರಸ್ಸನ್ನು ಮರಿ ಹಾಕದಂತೆ ಮಾಡಿ, ಅದರ ಬೆನ್ನ ಮೇಲೆ ಕೊರೊನಾ ವೈರಸ್ಸಿನ ಮುಳ್ಳಿನ ಪ್ರೋಟೀನಿಗೆ ಬೇಕಾದ ಜೀನನ್ನು ಹೊರಿಸಿ ದೇಹಕ್ಕೆ ಕಳಿಸುತ್ತಾರೆ. ಮೊದಲ ಡೋಸ್ ಬಿದ್ದ ಮೇಲೆ ದುಗ್ಧಗ್ರಂಥಿಗಳಲ್ಲಿ ಬಿ ಕೋಶಗಳ ಆಯ್ಕೆ ನಡೆಯುತ್ತದೆ. ವೈರಸ್ಸನ್ನು ಬಿಗಿಯಾಗಿ ಹಿಡಿಯುವ ಪ್ರತಿಕಾಯ ಕೊಡುವ ಕೋಶ ಉಳಿಯುತ್ತದೆ, ಉಳಿದವು ಹಿಂದೆ ಬೀಳುತ್ತವೆ. ಇದಕ್ಕೆ ವಾರಗಟ್ಟಲೆ ಸಮಯ ಬೇಕು. ಜೊತೆಗೆ, ಹೊತ್ತು ತಂದ ಚಿಂಪಾಂಜಿ ವೈರಸ್ಸಿನ ವಿರುದ್ಧವೂ ದೇಹ ಪ್ರತಿಕಾಯ ತಯಾರಿಸುತ್ತದೆ. ಎರಡನೇ ಡೋಸ್ ತೀರ ಬೇಗ ಬಂದರೆ ಈ ಪ್ರತಿಕಾಯಗಳು ಅದನ್ನೂ ಬಾಗಿಲಲ್ಲೇ ತಡೆಯಬಹುದೆಂಬ ವಾದವೂ ಇತ್ತು. 2021ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಎರಡು ಡೋಸ್‌ಗಳ ನಡುವೆ ಆರು ವಾರಕ್ಕಿಂತ ಕಡಿಮೆ ಅಂತರವಿದ್ದಾಗ ಲಸಿಕೆಯ ಸಾಮರ್ಥ್ಯ 55.1%. ಹನ್ನೆರಡು ವಾರ ಅಥವಾ ಹೆಚ್ಚು ಅಂತರವಿದ್ದಾಗ 81.3%. ಅಮ್ಮನನ್ನು ಕಾಯಿಸಲು ಇದು ಸಾಕಷ್ಟು ಗಟ್ಟಿ ಕಾರಣ.

ಆದರೆ ಆ 81ರ ಲೆಕ್ಕ ಕೊರೊನಾದ ಡೆಲ್ಟಾ ತಳಿ ಬರುವುದಕ್ಕೆ ಮುಂಚಿನದು. ಮಳೆಗಾಲದ ಹೊಸ್ತಿಲಲ್ಲಿ ಊರೂರು ಸುತ್ತುತ್ತಿದ್ದದ್ದು ಡೆಲ್ಟಾ. ಬ್ರಿಟನ್ನಿನ ಮಾಹಿತಿಯಂತೆ ಅದರೆದುರು ಒಂದೇ ಡೋಸ್ ಕೊಟ್ಟ ರಕ್ಷಣೆ ಸುಮಾರು 31%. ಆಸ್ಟ್ರಾಜೆನೆಕಾದ ಎರಡೂ ಡೋಸ್ ಆದವರಲ್ಲಿ 67%. ಅಂದರೆ ಕಾದವರಿಗೆ ಕೊನೆಯಲ್ಲಿ ಸಿಗುವ ಕೊಡೆ ದೊಡ್ಡದು, ಆದರೆ ಅಲ್ಲಿಯವರೆಗೆ ಅರ್ಧ ಕೊಡೆಯಲ್ಲಿ ಮಳೆಗೆ ನಿಲ್ಲಬೇಕು. ಯಾವುದು ಮೇಲು ಎನ್ನುವುದು ಹೊರಗೆ ಎಷ್ಟು ಮಳೆ ಸುರಿಯುತ್ತಿದೆ ಎಂಬುದನ್ನೂ ಅವಲಂಬಿಸಿದೆ.

2021ರ ಮೇ 13ರಂದು ಭಾರತ ಈ ಅಂತರವನ್ನು 6–8 ವಾರದಿಂದ 12–16 ವಾರಕ್ಕೆ ಏರಿಸಿತು. ಮರುದಿನ, ಮೇ 14ರಂದು, ಬ್ರಿಟನ್ ಡೆಲ್ಟಾಗೆ ಹೆದರಿ 50 ದಾಟಿದವರಿಗೆ ಅಂತರವನ್ನು 12 ವಾರದಿಂದ 8ಕ್ಕೆ ಇಳಿಸಿತು. ಲಸಿಕೆ ಒಂದೇ, ವೈರಸ್ ಒಂದೇ, ನಡೆ ಮಾತ್ರ ತದ್ವಿರುದ್ಧ. ಬ್ರಿಟನ್ನಿನಲ್ಲಿ ಹಿರಿಯರಿಗೆಲ್ಲ ಮೊದಲ ಡೋಸ್ ಬಹುಪಾಲು ಮುಗಿದಿತ್ತು. ನಮ್ಮಲ್ಲಿ ನಸುಕಿಗೇ ಸಾಲು ನಿಂತರೂ ಟೋಕನ್ ಸಿಗದ ದಿನಗಳು. ಇರುವ ಡೋಸುಗಳನ್ನು ಇಬ್ಬರಿಗೆ ಒಂದೊಂದು ಕೊಡುವುದೋ, ಒಬ್ಬರಿಗೆ ಎರಡು ಕೊಡುವುದೋ? ಇದಕ್ಕೆ ಪ್ರಯೋಗಾಲಯ ಉತ್ತರ ಕೊಡುವುದಿಲ್ಲ. ಅದು ಹಂಚಿಕೆಯ ತೀರ್ಮಾನ. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ನಮ್ಮ ಜನಕ್ಕೆ ಅರ್ಥವಾಗುತ್ತಿತ್ತು. ರೇಷನ್ ಅಂಗಡಿ ಕಾಣದವರು ಇಲ್ಲಿ ಯಾರಿದ್ದಾರೆ? ಹೇಳಿದ್ದು ಮಾತ್ರ, ವಿಜ್ಞಾನಿಗಳ ಒಮ್ಮತದ ಶಿಫಾರಸು ಎಂದು.

ಒಮ್ಮತ ಇತ್ತೇ? ಲಸಿಕೆಗಳ ಕುರಿತು ಸರ್ಕಾರಕ್ಕೆ ಸಲಹೆ ಕೊಡುವ ತಾಂತ್ರಿಕ ಗುಂಪಿನ (ಎನ್‌ಟಿಎಜಿಐ) ಸದಸ್ಯರಾಗಿದ್ದ ಎಂ.ಡಿ. ಗುಪ್ತೆ, ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಜೊತೆ ಮಾತಾಡುತ್ತ, ತಾವು ಒಪ್ಪಿದ್ದು 8ರಿಂದ 12 ವಾರ, ಹನ್ನೆರಡರಾಚೆಗೆ ಮಾಹಿತಿಯೇ ಇಲ್ಲ ಎಂದರು. ಹಿರಿಯ ಸಾಂಕ್ರಾಮಿಕ ರೋಗತಜ್ಞ ಜಯಪ್ರಕಾಶ್ ಮುಲಿಯಿಲ್ ಕೂಡ 12–16 ವಾರವೆಂದು ಗುಂಪು ಹೇಳಿರಲಿಲ್ಲ ಎಂದರು. ಎನ್‌ಟಿಎಜಿಐನ ಕೋವಿಡ್ ಕಾರ್ಯಗುಂಪಿನ ಅಧ್ಯಕ್ಷ ಎನ್.ಕೆ. ಅರೋರಾ, ಯಾರದ್ದೂ ಭಿನ್ನಮತ ಇರಲಿಲ್ಲವೆಂದು ಪಟ್ಟು ಹಿಡಿದರು. ನನಗೆ ಇಲ್ಲಿ ಬೇಸರ ತರಿಸುವುದು ಭಿನ್ನಮತ ಇದ್ದದ್ದಲ್ಲ, ಅದನ್ನು ಮುಚ್ಚಿಡಬೇಕೆನಿಸಿದ್ದು. 8, 12, 16ರ ನಡುವೆ ಜಗಳವಾಡಿದ ಇವರಲ್ಲಿ ಒಬ್ಬರೂ ಲಸಿಕೆ ಬೇಡವೆನ್ನಲಿಲ್ಲ. ಆ ಒಂದು ಮಾತು ಜಗಲಿಯವರೆಗೆ ತಲುಪಿದ್ದರೆ ಸಾಕಿತ್ತು. ಬದಲಿಗೆ, ‘ಅವರಲ್ಲೇ ಹೊಂದಾಣಿಕೆ ಇಲ್ಲವಂತೆ’ ಎಂಬುದಷ್ಟೇ ತಲುಪಿತು.

ಕೋವ್ಯಾಕ್ಸಿನ್ ಎಂಬ ಇನ್ನೊಂದು ಕೊರೊನಾ ಲಸಿಕೆಯ ವಿಷಯದಲ್ಲೂ ಹೀಗೇ ಆಯಿತು. 2021ರ ಜನವರಿ 3ರಂದು ಅದಕ್ಕೆ ಅನುಮತಿ ಸಿಕ್ಕಾಗ ಮೂರನೇ ಹಂತದ ಪ್ರಯೋಗದ ಫಲಿತಾಂಶ ಬಂದಿರಲಿಲ್ಲ. ವೆಲ್ಲೂರಿನ ವೈರಾಣು ತಜ್ಞೆ ಗಗನ್‌ದೀಪ್ ಕಾಂಗ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ನವೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು: 77.8%. ‘ನೋಡಿ, ಸುಮ್ಮನೆ ಗಲಾಟೆ ಮಾಡಿದರು’ ಎಂದವರಿದ್ದರು. ಪರೀಕ್ಷೆಗೆ ಮುಂಚೆ ಮಾರ್ಕ್ಸ್ ಕಾರ್ಡ್ ಕೊಡಬೇಡಿ ಎಂದವರು, ಹುಡುಗ ಆಮೇಲೆ ಪಾಸಾದ ಮಾತ್ರಕ್ಕೆ ತಪ್ಪಿತಸ್ಥರಾಗುವುದಿಲ್ಲ.

ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ವಿಚಾರ ಇನ್ನೂ ನಾಜೂಕಿನದು. ಅದು ನಿಜವಾದ ಅಪಾಯ, ಆದರೆ ಬಹಳ ಅಪರೂಪ; ಹತ್ತು ಲಕ್ಷ ಡೋಸ್‌ಗೆ 0.61 ಪ್ರಕರಣ ಎಂದು ನಮ್ಮ ಆರೋಗ್ಯ ಸಚಿವಾಲಯ ಮೇ 17ರಂದು ತಿಳಿಸಿತು. ಬ್ರಿಟನ್, ಜರ್ಮನಿಗಳಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಸೋಂಕು ಇಳಿದಿದ್ದಾಗ ಇಪ್ಪತ್ತರ ಹರೆಯದವರಿಗೆ ಲಾಭ ಮತ್ತು ಅಪಾಯ ಹತ್ತಿರ ಹತ್ತಿರ ತೂಗುತ್ತವೆ ಎಂದು ಕಂಡ ಬ್ರಿಟನ್, 30ರ ಒಳಗಿನವರಿಗೆ ಬೇರೆ ಲಸಿಕೆ ಕೊಡಲು ಏಪ್ರಿಲ್‌ನಲ್ಲಿ ಸೂಚಿಸಿತ್ತು. ಹಾಸಿಗೆ, ಆಮ್ಲಜನಕಕ್ಕೆ ಪರದಾಡುತ್ತಿದ್ದ ಮೇ ತಿಂಗಳ ಕರ್ನಾಟಕದಲ್ಲಿ ಅರುವತ್ತು ದಾಟಿದವರಿಗೆ ಈ ತಕ್ಕಡಿ ಅಲುಗುವ ಪ್ರಶ್ನೆಯೇ ಇರಲಿಲ್ಲ.   

ಇನ್ನೊಂದು ಬಗೆಯ ಭಿನ್ನಮತವೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮಂಗಳೂರಿನ ಹೆಸರಾಂತ ವೈದ್ಯರೊಬ್ಬರು ಅದೇ ಮೇ ತಿಂಗಳಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ಮಾಸ್ಕ್ ಹಾಕಲು ಒಪ್ಪದೆ ಪೊಲೀಸ್ ಕೇಸು ಹಾಕಿಸಿಕೊಂಡದ್ದು ಟಿವಿಯಲ್ಲೆಲ್ಲ ಬಂತು. ಇಂಥಲ್ಲಿ ಮಾತಾಡುವವರ ಡಿಗ್ರಿ ನೋಡಿ ಪ್ರಯೋಜನವಿಲ್ಲ. ಎರಡೂ ಕಡೆ ಎಂ.ಡಿ.ಗಳೇ ಇದ್ದರು. ನಾನು ನೋಡುವುದು ಬೇರೆ: ಏನು ಕಂಡರೆ ಇವರು ತಮ್ಮ ಮಾತು ಬದಲಿಸುತ್ತಾರೆ? ಗುಪ್ತೆಯವರು ಹನ್ನೆರಡು ವಾರದಾಚೆಯ ಮಾಹಿತಿ ಇಲ್ಲವೆಂದರು. ತಂದಿಟ್ಟರೆ ಆ ತಕರಾರು ಅಲ್ಲಿಗೆ ಮುಗಿಯುತ್ತದೆ. ಯಾವ ಮಾಹಿತಿ ತಂದರೂ ಅಲುಗದ ವಾದದ ಜೊತೆ ಜಗಳಕ್ಕೆ ನಿಂತರೆ ಸಂಜೆ ಹಾಳಾಗುತ್ತದೆ, ಅಷ್ಟೆ.

ಹಾಗೆ ನೋಡಿದರೆ, ಹಳ್ಳಿಗಳಲ್ಲಿ ‘ಬೇಡ’ ಎಂದವರಲ್ಲಿ ಬಹಳ ಮಂದಿಗೆ ಯಾವ ವಾದವೂ ಇರಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಬೀಡಿ ಕಟ್ಟುವ ಸೀಮೆ. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಲಸಿಕೆ ಹಾಕಿದ ರಾತ್ರಿ ಜ್ವರ, ಮರುದಿನ ಮೈಕೈ ನೋವು ಎಂದರೆ ಎರಡು ದಿನ ಎಲೆ ಕತ್ತರಿಸುವ ಹಾಗಿಲ್ಲ. ಆ ಎರಡು ದಿನದ ದುಡ್ಡು ಯಾರೂ ಕೊಡುವುದಿಲ್ಲ. ಬಂದವರೆಲ್ಲರಿಗೂ ಅಂದೇ ಸಿಗುತ್ತಿರಲೂ ಇಲ್ಲ: ಕೋವಿಶೀಲ್ಡ್ ಬಾಟಲಿಯಲ್ಲಿ ಹತ್ತು ಡೋಸ್ ಇರುತ್ತಿತ್ತು. ರಬ್ಬರ್ ಮುಚ್ಚಳಕ್ಕೆ ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಅಷ್ಟನ್ನೂ ಮುಗಿಸಬೇಕಿತ್ತು, ಉಳಿದರೆ ಚೆಲ್ಲಬೇಕಿತ್ತು. ವ್ಯರ್ಥವಾದ ಡೋಸ್‌ಗೆ ಮೇಲಿನಿಂದ ಪ್ರಶ್ನೆ ಬರುತ್ತದೆಂದು ಹೆದರುವ ಸಿಸ್ಟರ್, ಆರೇ ಜನ ಬಂದಿದ್ದರೆ ‘ಇನ್ನು ನಾಲ್ಕು ಜನ ಆಗಲಿ ಅಕ್ಕ, ಕೂತಿರಿ’ ಎನ್ನುತ್ತಿದ್ದರು. ಹನ್ನೊಂದಕ್ಕೆ ಬಂದವಳು ಎರಡು ಗಂಟೆಯ ಬಸ್ಸು ಹಿಡಿಯಲು ಎದ್ದು ಹೋದರೆ ಆಕೆಯೂ ವರದಿಯಲ್ಲಿ ಹಿಂಜರಿದವಳೇ.

ಬೆಳ್ತಂಗಡಿಯ ಕೆಲವು ಊರುಗಳಿಗೆ ಮಾತ್ರ, ತಜ್ಞರ ಮಾತನ್ನು ಒಮ್ಮೆ ತಿರುಗಿಸಿ ನೋಡಲು ಸ್ವಂತ ಕಾರಣವಿದೆ. 1980ರ ದಶಕದ ಆರಂಭದಲ್ಲಿ ಪಟ್ರಮೆ, ನಿಡ್ಲೆ ಕಡೆ ಗೇರು ನೆಡಲೆಂದು ಹಳೆಯ ಕಾಡನ್ನು ಬೋಳು ಮಾಡಿದರು. 1982–83ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನರಿಗೆ ಜ್ವರ, ರಕ್ತಸ್ರಾವ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಘಟ್ಟದ ಕೆಳಗೆ ಇಳಿದಿತ್ತು. ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಅದನ್ನು ಹರಡುವುದು ಉಣುಗು; ಅದರ ಮರಿ ರಾಗಿ ಕಾಳಿಗಿಂತ ದೊಡ್ಡದೇನಲ್ಲ, ಸೊಪ್ಪಿನ ಹೊರೆಯೊಡನೆ ಮನೆಗೆ ಬಂದು ಕಂಕುಳಲ್ಲೋ ಸೊಂಟದಲ್ಲೋ ಕಚ್ಚಿ ಕೂತರೆ ತುರಿಸುವವರೆಗೆ ಗೊತ್ತೇ ಆಗುವುದಿಲ್ಲ. ಕಾಡು ಕಡಿದಲ್ಲಿ ಗೇರು ಬೆಳೆಯಿತು. ಆ ಗೇರಿಗೆ 2000ದ ಸುಮಾರಿನವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಗಳಲ್ಲಿ ಇವತ್ತಿಗೂ ಹಾಸಿಗೆ ಹಿಡಿದ ಮಕ್ಕಳಿದ್ದಾರೆ.

ಎಂಡೋಸಲ್ಫಾನ್ ಬಗ್ಗೆಯೂ ತಜ್ಞರು ಎರಡು ಮಾತಾಡಿದ್ದರು. ಕಾಸರಗೋಡಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಎತ್ತಿದ ದನಿಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಒತ್ತಾಸೆಯಾಯಿತು; ಶಾಲೆ ಮಕ್ಕಳ ರಕ್ತದಲ್ಲಿ ವಿಷದ ಅಂಶ ಸಿಕ್ಕಿತು. ಆ ಬಳಿಕವೂ ದುಬೆ ಸಮಿತಿ, ಮಾಯಿ ಸಮಿತಿಗಳು ಕಾಯಿಲೆಗೂ ಸಿಂಪಡಣೆಗೂ ನಂಟಿಲ್ಲವೆಂದವು. ಸುಪ್ರೀಂ ಕೋರ್ಟ್ ಕೊನೆಗೆ ನಿಷೇಧಿಸಿದ್ದು 2011ರ ಮೇ 13ರಂದು, ಕೋವಿಶೀಲ್ಡ್ ಅಂತರ ಏರಿಸಿದ ದಿನಕ್ಕೆ ಸರಿಯಾಗಿ ಹತ್ತು ವರ್ಷ ಮೊದಲು. ಕಾಕತಾಳೀಯ, ನಿಜ. ಆದರೆ ‘ಸಮಿತಿ ಸುರಕ್ಷಿತ ಎಂದಿದೆ’ ಎಂಬ ವಾಕ್ಯ ಕೊಕ್ಕಡದಲ್ಲಿ ಬೆಂಗಳೂರಿನ ಹಾಗೆ ಕೇಳಿಸುವುದಿಲ್ಲ ಎಂಬುದು ಕಾಕತಾಳೀಯವಲ್ಲ.

ಮಂಗನ ಕಾಯಿಲೆಗೂ ಲಸಿಕೆ ಇತ್ತು. 1950ರ ದಶಕದ ಕೊನೆಯಲ್ಲಿ, ಇದೇ ವೈರಸ್ಸಿನ ರಷ್ಯನ್ ಸೋದರನಿಗೆಂದು ಮಾಡಿದ ಲಸಿಕೆಯನ್ನು ಮಲೆನಾಡಿನಲ್ಲಿ ಹಾಕಿ ನೋಡಿದರು, ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ತಯಾರಿಸಿದ ಲಸಿಕೆ ಬಂತು. 1990ರ ದಶಕದ ಆರಂಭದ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ಸಾಮರ್ಥ್ಯ 93.5%. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮುಂದೆ ಐದು ವರ್ಷ ವರ್ಷಕ್ಕೊಂದು. ಹಾಕಿದ ಜಾಗ ಚೆನ್ನಾಗಿಯೇ ನೋಯುತ್ತಿತ್ತು. ಮೊದಲ ಸೂಜಿಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಬೂಸ್ಟರಿಗಂತೂ ಮೊದಲೇ ಇಲ್ಲ. ‘ಹಾಕಿಸಿಕೊಂಡವರಿಗೂ ಬಂದಿದೆಯಲ್ಲ’ ಎಂಬ ಮಾತನ್ನು ಆರೋಗ್ಯ ಸಿಬ್ಬಂದಿ ಅಜ್ಞಾನದ ಖಾತೆಗೆ ಬರೆದುಕೊಂಡರು.

2005ರಿಂದ 2010ರವರೆಗಿನ ಕರ್ನಾಟಕದ ಮಾಹಿತಿ ಹಿಡಿದು ಲೆಕ್ಕ ಹಾಕಿದ ಅಧ್ಯಯನ 2013ರಲ್ಲಿ ಹೊರಬಂದಾಗ, ಎರಡು ಡೋಸ್‌ಗಳ ಪರಿಣಾಮ 62.4%ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ 82.9%. ಅಂದರೆ ಎರಡೂ ಸೂಜಿ ಚುಚ್ಚಿಸಿಕೊಂಡ ನೂರು ಮಂದಿಗೆ, ಚುಚ್ಚಿಸಿಕೊಳ್ಳದಿದ್ದರೆ ಬರಬಹುದಾಗಿದ್ದ ಕಾಯಿಲೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಗಲೂ ಬರುತ್ತಿತ್ತು. ಹಾಕಿಸಿಕೊಂಡವರಿಗೂ ಬಂದಿದೆ ಎಂದವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಅವರ ಮಾತನ್ನು ಮಾಹಿತಿಯೆಂದು ಬರೆದಿಟ್ಟುಕೊಂಡಿದ್ದರೆ ಲಸಿಕೆಯ ಗುಣಮಟ್ಟವನ್ನು ವರ್ಷಗಳ ಮೊದಲೇ ಮರುಪರೀಕ್ಷೆಗೆ ಹಚ್ಚಬಹುದಿತ್ತು. ಪರಿಣಾಮ ಸಾಲದೆಂದು ಆ ಲಸಿಕೆಯನ್ನು ನಿಲ್ಲಿಸಿದ್ದು 2022ರಲ್ಲಿ.

ಆ ವರ್ಷದ ಮಾರ್ಚ್‌ನಲ್ಲೇ ಎನ್‌ಟಿಎಜಿಐ ಕೋವಿಶೀಲ್ಡ್‌ನ ಅಂತರವನ್ನು 8–16 ವಾರಕ್ಕೆ ಇಳಿಸಲು ಶಿಫಾರಸು ಮಾಡಿತು. ಆ ಹೊತ್ತಿಗೆ ಅಮ್ಮಂದಿರ ಎರಡನೇ ಡೋಸ್ ಬಹುಪಾಲು ಮುಗಿದಿದ್ದರಿಂದ ಅದು ಸುದ್ದಿಯಾಗಲೇ ಇಲ್ಲ. ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಸಿದ್ಧಪಡಿಸುತ್ತಿದೆ. ಅದು ಬರುವವರೆಗೆ ಕಾಡಿಗೆ ಹೋಗುವವರಿಗೆ ಇರುವುದು ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ, ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ. ಹೊಸ ಲಸಿಕೆ ಹಾಕಲು ಬರುವವರಿಗೆ ಸೊಪ್ಪು ತರುವ ಹೆಂಗಸರು ಕೇಳುವ ಮೊದಲ ಪ್ರಶ್ನೆಗಳು ಯಾವುವೆಂದು ಊಹಿಸುವುದು ಕಷ್ಟವಲ್ಲ: ಇದು ಎಷ್ಟು ನೋಯುತ್ತದೆ, ಎಷ್ಟು ಸಲ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡ ಮೇಲೂ ಬಂದರೆ ಯಾರಿಗೆ ಹೇಳಬೇಕು?