ಪಿಕಪ್‌ಗೆ ಯಾವ ಆಯಿಲ್?

ಪ್ರಶ್ನೆ: ನವಿ ಮುಂಬೈಯ ತುರ್ಭೆಯ ಎಪಿಎಂಸಿ ಮಾರುಕಟ್ಟೆಯಿಂದ ಡೊಂಬಿವಲಿ, ಕಲ್ಯಾಣಕ್ಕೆ ಈರುಳ್ಳಿ ಸಾಗಿಸುವ ಡೀಸೆಲ್ ಪಿಕಪ್ ನನ್ನದು. ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿಸಲೇಬೇಕೇ?

ಉತ್ತರ: ಮೊದಲು ಗಾಡಿ ಯಾವ ಕಾಲದ್ದು ನೋಡಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಅನೇಕ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಮಸಿಯನ್ನು ಅದು ಸುಟ್ಟುಕೊಳ್ಳುತ್ತದೆ. ಆಯಿಲ್‌ನಿಂದ ಬರುವ ಬೂದಿ ಮಾತ್ರ ಒಳಗೇ ಉಳಿದು ಕಟ್ಟಿಕೊಳ್ಳುತ್ತದೆ. ಅಂಥ ಗಾಡಿಗೆ ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೆ ಯಾವುದನ್ನೂ, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಹಾಕಿಸಬೇಡಿ.

ಹಳೆಯ ಗಾಡಿಯಾದರೆ ಮಾತು ಬೇರೆ. ಡಬ್ಬದ ಮೇಲೆ ಬರೆದಿರುವ 15ಡಬ್ಲ್ಯು-40ರಂಥ ದರ್ಜೆಯಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆಂದೂ ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪವಿರುತ್ತದೆಂದೂ ತಿಳಿಸುತ್ತದೆ. ಕೊರೆಯುವ ಚಳಿಯಲ್ಲೂ ತಟ್ಟನೆ ಹರಿಯುವುದು ಸಿಂಥೆಟಿಕ್‌ನ ದೊಡ್ಡ ಗುಣ. ಹಿಮ ಬೀಳುವ ಲಡಾಖಿನಲ್ಲಿ ಅದಕ್ಕೆ ಬೆಲೆಯುಂಟು; ನವಿ ಮುಂಬೈಯ ಸೆಕೆಯಲ್ಲಿ ಅಷ್ಟಿಲ್ಲ.

ಆದರೆ ಸಿಂಥೆಟಿಕ್‌ನ ಇನ್ನೊಂದು ಗುಣ ನಿಮಗೆ ಬೇಕಾದದ್ದೇ: ಬಿಸಿಗೆ ಬೇಗ ಕೆಡುವುದಿಲ್ಲ, ಗಸಿ ಕಟ್ಟುವುದು ಕಡಿಮೆ. ತುಂಬಿದ ಗಾಡಿ ನಿಮ್ಮ ದಾರಿಯ ಶಿಳ್‌ಫಾಟಾದ ಟ್ರಾಫಿಕ್‌ನಲ್ಲಿ ನಿಂತರೆ ಕಿಲೋಮೀಟರ್ ಮೀಟರ್ ಓಡುವುದಿಲ್ಲ, ಇಂಜಿನ್ ಓಡುತ್ತಲೇ ಇರುತ್ತದೆ. ಹಾಗಾಗಿ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಹೇಳಿರುವ, ಆಯಿಲ್ ಬದಲಾವಣೆಯ ಕಡಿಮೆ ಅಂತರವನ್ನೇ ಪಾಲಿಸಿ. ಸಿಂಥೆಟಿಕ್ ಹಾಕಿಸಿ ಬದಲಾವಣೆ ಮುಂದೂಡುವುದಕ್ಕಿಂತ, ಸರಿಯಾದ ದರ್ಜೆಯ ಸಾದಾ ಮಿನರಲ್ ಆಯಿಲನ್ನು ಫಿಲ್ಟರ್ ಸಮೇತ ಹೊತ್ತಿಗೆ ಸರಿಯಾಗಿ ಬದಲಿಸುವುದೇ ಹಳೆಯ ಇಂಜಿನ್‌ಗೆ ಹಿತ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವುದನ್ನೇ ಹಾಕಿಸಿದರೂ, ಕಲಬೆರಕೆಯ ಅನುಮಾನ ಉಳಿಯದಂತೆ ಡಬ್ಬದ ಸೀಲ್ ನಿಮ್ಮ ಕಣ್ಣೆದುರೇ ಒಡೆಸಿ.